ಬಾಗಿಲ ಪರದೆಯ ಪಕ್ಕದ ಸ್ಟೂಲು

ತಂಗಿ ಮೂರು ಕುರ್ಚಿಗಳನ್ನು ಒರೆಸಿ ಸಾಲಾಗಿ ಇಟ್ಟಳು. ರಂಗಭೂಮಿಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಅಕ್ಕನಿಗೆ ಮರುದಿನ ವಿಭಾಗದಲ್ಲಿ ಅಧ್ಯಾಪಕ ಹುದ್ದೆಗೆ ಅಣಕು ಸಂದರ್ಶನವಿತ್ತು. ಸಂದರ್ಶಕರ ಮುಂದೆ ನಿಂತಂತೆ, ಹಾಳೆ ನೋಡದೆ ಮಾತಾಡಬೇಕು. ಚೆನ್ನಾಗಿ ಮಾತಾಡಿದವರನ್ನಷ್ಟೇ ನಿಜವಾದ ಸಂದರ್ಶನಕ್ಕೆ ಕಳಿಸುತ್ತಾರೆ. ಬಾಗಿಲ ಪರದೆಯ ಪಕ್ಕದ ಸ್ಟೂಲನ್ನು ಮಾತ್ರ ತಂಗಿ ಮುಟ್ಟಲಿಲ್ಲ. ನಾಟಕಗಳಲ್ಲಿ ಪರದೆಯ ಮರೆಗೆ ಕೂತು, ನಟರು ಮರೆತ ಮಾತನ್ನು ಪಿಸುಗುಟ್ಟುವುದು ಅಪ್ಪನ ಕೆಲಸವಾಗಿತ್ತು. ಅಕ್ಕ ಮನೆಯಲ್ಲಿ ಭಾಷಣ ಅಭ್ಯಾಸ ಮಾಡುವಾಗಲೂ ಅಪ್ಪ ಆ ಸ್ಟೂಲಿನ ಮೇಲೆಯೇ ಕೂರುತ್ತಿದ್ದ. ಅವನು ತೀರಿಕೊಂಡು ತಿಂಗಳಾಗಿತ್ತು.

"ಹಾಳೆ ನೀನು ಹಿಡ್ಕೋ. ದೊಡ್ಡ ಸಾಹೇಬರ ಥರ ಮುಖ ಗಂಟು ಹಾಕ್ಕೊಂಡು ಕೂತ್ಕೋ," ಎಂದಳು ಅಕ್ಕ.

"ನನ್ನ ಮುಖ ಇರೋದೇ ಹಾಗಲ್ವೇನಕ್ಕ," ಎಂದಳು ತಂಗಿ. ಇಬ್ಬರೂ ಸ್ವಲ್ಪ ನಕ್ಕರು.

ಅಕ್ಕ ಸರಾಗವಾಗಿ ಶುರು ಮಾಡಿದಳು. ತನ್ನ ಸಂಶೋಧನೆಯ ಬಗ್ಗೆ ಹೇಳಿದಳು. ಪಾಠ ಮಾಡುವ ರೀತಿಯನ್ನು ಹೇಳಲು ಹೋಗಿ, ಅರ್ಧಕ್ಕೇ ನಿಂತಳು. ತಂಗಿ ಹಾಳೆಯ ಆ ಸಾಲಿನ ಮೇಲೆ ಬೆರಳಿಟ್ಟು ಬಾಯಿ ತೆರೆದಳು. ಅಕ್ಕ ಅವಳ ಕಡೆ ನೋಡಲಿಲ್ಲ. ಕುರ್ಚಿಗಳ ಮೇಲೆಯೇ ಕಣ್ಣು ನೆಟ್ಟು, ಕಿವಿಯನ್ನಷ್ಟೇ ಪರದೆಯ ಕಡೆಗೆ ವಾಲಿಸಿದಳು.

"ಮುಂದಿನ ಮಾತು ಹೇಳ್ಕೊಡು, ಅಪ್ಪ."