ಬಿಸಿನೀರಿನ ನಲ್ಲಿ

“ಎಂಟು ದಿನದ ಹಿಂದ ನೀ ಕೈ ಹಚ್ಚಿದ ಮ್ಯಾಲೆ ನನ್ನ ಮೋಟಾರು ಒಳಗ ಬೆಂಕಿ ಉಗುಳಲಿಕ್ಕೆ ಹತ್ತ್ಯದ! ಹಾಳ ಮಾಡಿದಿ ಲೇ, ಕಳ್ಳಾ!” ಮುಂಡರಗಿಯ ವಕೀಲ ಮಾರ್ತಾಂಡರಾಯರ ಕೂಗಿಗೆ ಗದಗಿನ ಗ್ಯಾರೇಜಿನ ಮುಂದೆ ಜನ ಸೇರಿದರು. ಏಕೀಕರಣದ ಮರುವರ್ಷದ ಏಪ್ರಿಲ್ ಬಿಸಿಲು. ಸ್ವಾತಂತ್ರ್ಯ ಬಂದಾಗ ತನ್ನ ದೇಶಕ್ಕೆ ಮರಳಿದ ಬಿಳಿಯ ಸಾಹೇಬನಿಂದ ಕೊಂಡ ಕಾರು ಅದು.

ಮಿಸ್ತ್ರಿ ಮಲಂಗಸಾಬ ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದ ಸಣ್ಣ ನಲ್ಲಿಯನ್ನು ತೋರಿಸಿದ. “ಥಂಡಿ ದೇಶದವ್ರು ಕಾಲು ಕಾಸಾಕ ಮಾಡಿದ್ದರಿ ಇದು. ಇಲ್ಲಿಂದ ಎಂಜಿನ್ನಿನ ಕುದಿ ನೀರು ಕೊಳವ್ಯಾಗ ಕಾರಿನ ಒಳಗ ಹೋಗಿ ಬಿಸಿ ಗಾಳಿ ಬಿಡತೈತಿ. ನಾ ಬಂದ್ ಮಾಡಿ ಕೊಟ್ಟಿದ್ದೆ. ಯಾರೋ ತಿರುವ್ಯಾರ.”

“ನೀನೇ ತಿರುವೀದಿ! ಪೊಲೀಸರನ್ನ ಕರಸಿ ನಿನ್ನ ಅಂಗಡಿಗೆ ಬೀಗ ಹಾಕಸ್ತೀನಿ!”

ಕಾರಿನ ಮುಂದಿನ ಬಾಗಿಲು ತೆರೆಯಿತು. ರಾಯರ ಹೆಂಡತಿ ಪದ್ಮಾಬಾಯಿ, ಬಿಸಿಗೆ ಕೆಂಪಾದ ಪಾದಗಳನ್ನು ನೆಲಕ್ಕೂರಿ ಇಳಿದರು. “ಮೊನ್ನೆ ಐತವಾರ, ಸಾಹೇಬನ ಕಾರಿನಾಗ ಬಿಸಿ ಗಾಳಿನೂ ಬರ್ತದ ಅಂತ ನಮ್ಮಣ್ಣನ ಮುಂದ ಬಡಾಯಿ ಕೊಚ್ಚಲಿಕ್ಕೆ ಇವರೇ ಆ ನಲ್ಲಿ ತಿರುವಿದ್ರು. ನಾ ಕಣ್ಣಾರೆ ನೋಡೀನಿ,” ಎಂದರು, ಎಲ್ಲರಿಗೂ ಕೇಳುವಂತೆ.

ಗುಂಪಿನಲ್ಲಿ ಯಾರೋ ನಕ್ಕರು. ಮಲಂಗಸಾಬ ನಲ್ಲಿಯನ್ನು ಬಿಗಿದು ಬಾನೆಟ್ ಮುಚ್ಚಿದ.

“ಬಾಯಿ ಮುಚ್ಚಿಗೊಂಡು ಕಾರು ಹತ್ತು,” ರಾಯರು ಹಲ್ಲು ಕಡಿದರು.

“ಮುಂಡರಗಿಗೆ ಬಸ್ ಅದ,” ಎಂದು ಪದ್ಮಾಬಾಯಿ ಸೆರಗು ಹೊದ್ದು, ತಿರುಗಿಯೂ ನೋಡದೆ ಬಸ್ ನಿಲ್ದಾಣದ ಕಡೆ ನಡೆದರು.