ಇನ್ನೂ ಸಿಕ್ಕಿಸದ ವೈರು

ಮನೆಯ ಫೋನನ್ನು ಇಂಟರ್ನೆಟ್ಟಿಗೆ ಬದಲಾಯಿಸಲೆಂದು ಗೋಡೆಯಿಂದ ಕಿತ್ತ ಅದರ ವೈರು ಮಗಳ ಕೈಯಲ್ಲೇ ಇತ್ತು. ಹೊಸ ರೂಟರಿಗೆ ಅದನ್ನು ಇನ್ನೂ ಸಿಕ್ಕಿಸಿರಲಿಲ್ಲ. ಆದರೂ ಸೋಫಾದ ಆಚೆ ಅಪ್ಪ ರಿಸೀವರ್ ಹಿಡಿದು ನಗುತ್ತಿದ್ದರು. "ಹೂಂ ಕಣೋ. ನಿನ್ನ ಕೆಮ್ಮು ಹೋಯ್ತಾ?"

ಸೋಫಾದ ಹಿಂದೆ ಅವಳು ಕೂತಲ್ಲೇ ಕಲ್ಲಾದಳು. ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟು ಹೋದ ಅಣ್ಣ, ಮೂರು ವರ್ಷಗಳಿಂದ ಪ್ರತಿ ಭಾನುವಾರ ಅಪ್ಪನ ಜೊತೆ ಮಾತ್ರ ಮಾತಾಡುತ್ತಿದ್ದ. ಅಮ್ಮ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅವನಿಗೆ ಏನೋ ಅವಸರ ಬಂದು ಫೋನ್ ಇಟ್ಟುಬಿಡುತ್ತಿದ್ದ. ಹಾಗಂತ ಅಪ್ಪ ಹೇಳುತ್ತಿದ್ದರು.

"ಊಟ ಆಯ್ತಂತಾ ಕೇಳ್ರೀ," ಅಡುಗೆಮನೆಯಿಂದ ಅಮ್ಮ ಕೂಗಿದಳು.

"ಆಯ್ತಂತೆ ಕಣೇ. ನಿನ್ನ ಕೈರುಚಿ ನೆನೆಸ್ಕೊಳ್ತಿದಾನೆ," ಎಂದರು ಅಪ್ಪ.

ಆ ಮಾತಿಗೆ ಅಮ್ಮ ತಡೆಯದಾದಳು. ಇವತ್ತು ಕೈ ಕೂಡ ಒರೆಸಿಕೊಳ್ಳದೆ ಓಡಿಬಂದು ರಿಸೀವರ್ ಕಿತ್ತುಕೊಂಡಳು. "ಮಗಾ... ಮಗಾ? ಏನ್ರೀ ಇದು, ಸದ್ದೇ ಇಲ್ವಲ್ಲ!"

ಅಪ್ಪನ ಮುಖ ಬಿಳಿಚಿಕೊಂಡಿತ್ತು.

ಮಗಳು ಸೋಫಾದ ಹಿಂದಿನಿಂದ ಎದ್ದು, ಅಪ್ಪನ ಕಡೆ ನೋಡದೆ, ವೈರನ್ನು ಎತ್ತಿ ತೋರಿಸಿದಳು. "ಅಯ್ಯೋ, ಬೈಬೇಡಮ್ಮಾ. ಈಗ ತಾನೇ ನಾನೇ ಕಿತ್ತುಬಿಟ್ಟೆ."