ತಣ್ಣಗಿದ್ದ ಬಾನೆಟ್

ಪ್ರತಿ ಸೋಮವಾರ, ಗುರುವಾರ ಬೆಳಗಿನ ಜಾವ ಡ್ರೈವರ್ ಮರಿಸ್ವಾಮಿ ಯಜಮಾನಿಯ ಕಾರನ್ನು ಸದ್ದಾಗದಂತೆ ಗೇಟಿನಾಚೆಗೆ ತಳ್ಳಿಕೊಂಡು ಹೋಗಿ, ಹೆಂಡತಿಯನ್ನು ಡಯಾಲಿಸಿಸ್‌ಗೆ ಬಿಟ್ಟು ಬರುತ್ತಿದ್ದ. ಬಂದ ಮೇಲೂ ಅಂಗಳದಲ್ಲಿ ಹತ್ತು ನಿಮಿಷ ಎಂಜಿನ್ ಓಡಿಸುತ್ತಲೇ ನಿಲ್ಲುತ್ತಿದ್ದ. ಬಾನೆಟ್ ಯಾಕೆ ಬಿಸಿ ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ನೆಪ ಬೇಕಲ್ಲ.

"ಇಷ್ಟೊತ್ತು ಬಿಸಿ ಮಾಡ್ಬೇಕೇನೋ?" ಎಂದು ಯಜಮಾನಿ ಒಮ್ಮೆ ಕೇಳಿದ್ದರು.

"ಹಳೇ ಗಾಡಿ ಅಮ್ಮಾವ್ರೇ. ಬಿಸಿಯಾಗ್ದೆ ಹೊರಟ್ರೆ ಎಂಜಿನ್ ಕೆಡ್ತದೆ," ಎಂದವನಿಗೆ ಅವರ ಮುಖ ನೋಡಲಾಗಿರಲಿಲ್ಲ.

ಈ ಗುರುವಾರ ಹೆಂಡತಿ ಚಾಪೆ ಬಿಟ್ಟು ಏಳಲೇ ಇಲ್ಲ. "ಕದ್ದ ಕಾರಲ್ಲಿ ಹೋಗಿ ಬದುಕೋದು ನಂಗೆ ಬ್ಯಾಡ. ಅಮ್ಮಾವ್ರನ್ನ ಕೇಳ್ಕೊಂಡು ಬಾ, ಆಮೇಲೆ ಬತ್ತೀನಿ," ಎಂದಳು.

ಇಷ್ಟು ದಿನ ಮೋಸ ಮಾಡಿದವನಿಗೆ ಕೇಳುವ ಬಾಯಿ ಎಲ್ಲಿಂದ ಬರಬೇಕು? ಅಂಗಳಕ್ಕೆ ಬಂದು, ಎಂದಿನ ಹೊತ್ತಿಗೆ ಎಂಜಿನ್ ಓಡಿಸಲೆಂದು ಕೀ ತಿರುಗಿಸಲು ಹೊರಟ. ಅಷ್ಟರಲ್ಲಿ ಯಜಮಾನಿ ಹೊರಗೆ ಬಂದು ಬಾನೆಟ್ ಮೇಲೆ ಅಂಗೈ ಇಟ್ಟರು.

"ಈಗ ಬಿಸಿ ಮಾಡ್ತೀನಿ ಅಮ್ಮಾವ್ರೇ," ಎಂದು ತಡವರಿಸಿದ.

"ಗುರುವಾರದ ದಿನ ತಣ್ಣಗಿದೆಯಲ್ಲೋ," ಎಂದರು ಅವರು ಗಾಬರಿಯಿಂದ. "ನಿನ್ನ ಹೆಂಡ್ತಿಗೆ ಏನಾಯ್ತೋ?"